ಸಹಕಾರ ಸಂಘದ ಲೆಕ್ಕಕ್ಕೆ ಸಿದ್ಧ ತಂತ್ರಾಂಶ: ಅದನ್ನು ನೆಲೆಗೊಳಿಸುವ ಕ್ರಮ

(ವ್ಯವಸಾಯ ಇನ್‌ಸ್ಪೆಕ್ಟರು, ಎಲ್. ಏಜಿ., ಅಮೃತಹಳ್ಳಿ, ಇವರಿಂದ)

ಹದವಾದ ಮಳೆ ಬಿದ್ದ ದಿನ ಬೀಜ ಗೊಬ್ಬರಗಳು ಕೈಗೆ ಸಿಕ್ಕದೆ ಹೋದರೆ ಆ ಬಳಿಕ ಎಷ್ಟು ಹಣ ದೊರೆತರೂ ಫಲವಿಲ್ಲವೆಂಬುದು ವಾಚಕರೆಲ್ಲರೂ ಬಲ್ಲ ವಿಷಯವೇ. ಈ ಹಣವು ಹಳ್ಳಿಗೆ ಹರಿದುಬರುವ ಮುಖ್ಯ ಕಾಲುವೆಗಳಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವು ಒಂದು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ನೆಯ ಇಸವಿಯಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಇಂಥ ಸಂಘವನ್ನು ಸ್ಥಾಪಿಸಿದಂದಿನಿಂದ, ಸಂಘಗಳ ಬಾಳೆಲ್ಲವೂ ಕಿರ್ದಿ, ಖಾತೆ, ರಸೀತಿ ಪುಸ್ತಕಗಳ ಮೇಲೆಯೇ ನಿಂತಿರುವುದು. ಪುಸ್ತಕ ನೆಟ್ಟಗಿದ್ದರೆ ಸಂಘ ನೆಟ್ಟಗೆ. ಪುಸ್ತಕ ಸೊಟ್ಟಾದರೆ ರೈತನ ಮಾನಕ್ಕೂ ಕುಂದು.

2022ನೆಯ ಇಸವಿ ಜೂನ್ 29ರಂದು ಕೇಂದ್ರ ಸರ್ಕಾರದವರು ದೇಶದ 63,000 ಪತ್ತಿನ ಸಂಘಗಳ ಲೆಕ್ಕವನ್ನು ಗಣಕಯಂತ್ರಕ್ಕೆ ಏರಿಸುವ ಯೋಜನೆಗೆ ಮಂಜೂರಾತಿ ಕೊಟ್ಟರು. ಇದಕ್ಕಾಗಿ ಗೊತ್ತು ಮಾಡಿದ ವೆಚ್ಚ 2,516 ಕೋಟಿ ರೂಪಾಯಿಗಳು. ಎಲ್ಲಾ ಸಂಘಗಳಿಗೂ ಒಂದೇ ಸಾಮಾನ್ಯ ತಂತ್ರಾಂಶ, ಅದು ಆಯಾ ಪ್ರಾಂತ್ಯದ ಭಾಷೆಯಲ್ಲಿ ನಡೆಯುವಂತೆಯೂ ಪ್ರಾಂತ್ಯದ ಅಗತ್ಯಕ್ಕೆ ತಕ್ಕಂತೆ ಹೊಂದಿಸಿಕೊಳ್ಳಲು ಬರುವಂತೆಯೂ ಇರತಕ್ಕದ್ದು, ಹಳೆಯ ದಾಖಲೆಗಳನ್ನು ಅದಕ್ಕೆ ತುಂಬತಕ್ಕದ್ದು, ನೌಕರರಿಗೆ ತರಬೇತು ಕೊಡತಕ್ಕದ್ದು ಎಂಬುದು ಯೋಜನೆಯ ಸಾರ. ನಬಾರ್ಡ್ ಸಂಸ್ಥೆಯು ಇದನ್ನು ನಡೆಸುವ ಹೊಣೆಯನ್ನು ಹೊತ್ತಿರುವುದು. ಯಂತ್ರವು ಸಂಘದ ಮೇಜಿನ ಮೇಲೆ ಬಂದು ಕುಳಿತಮಾತ್ರಕ್ಕೆ ಕಾರ್ಯವು ಮುಗಿಯಿತೆಂದು ತಿಳಿಯಲಾಗದು. ಸಿದ್ಧವಾಗಿ ಬಂದ ತಂತ್ರಾಂಶವನ್ನು ಸಂಘದಲ್ಲಿ ನೆಲೆಗೊಳಿಸುವ ಕ್ರಮವನ್ನು ಕಾರ್ಯದರ್ಶಿಗಳಿಗೂ ನಿರ್ದೇಶಕರಿಗೂ ರೈತ ಸದಸ್ಯರಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ಸಿದ್ಧ ತಂತ್ರಾಂಶವೆಂದರೇನು?

ಒಂದು ಸಂಸ್ಥೆಯ ಅಳತೆಗೆ ಮಾತ್ರ ಹೊಲಿಸಿದ ಅಂಗಿಯಂತೆ ಇರುವ ತಂತ್ರಾಂಶವು ಒಂದು ಬಗೆ. ಹಲವರಿಗೆ ಒಪ್ಪುವಂತೆ ಮೊದಲೇ ಹೊಲಿದಿಟ್ಟದ್ದು ಇನ್ನೊಂದು ಬಗೆ. ಎರಡನೆಯದರ ಹುಟ್ಟಿಗೆ ಬೆಂಗಳೂರಿನಲ್ಲೇ ನಿದರ್ಶನವುಂಟು. ನೂಲಿನ ಗಿರಣಿಗಳಿಗೆ ಸಾಮಾನು ಒದಗಿಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ಎಂಬುವರಿಗೆ ತಮ್ಮ ವ್ಯಾಪಾರದ ಲೆಕ್ಕಕ್ಕೆ ತಕ್ಕ ತಂತ್ರಾಂಶವೇ ಸಿಕ್ಕಲಿಲ್ಲ. ಅವರ ಮಗ ಭರತ ಗೋಯೆಂಕಾರವರು ತಂದೆಯ ಕೆಲಸಕ್ಕೆಂದು ಒಂದನ್ನು ರಚಿಸಿದರು. 1986ರಲ್ಲಿ ಆರಂಭವಾದ ಆ ಸಂಸ್ಥೆಯ ‘ಟ್ಯಾಲಿ’ ಇಂದು ದೇಶದ ಅಂಗಡಿ ಅಂಗಡಿಗಳಲ್ಲೂ ಬಳಕೆಯಲ್ಲಿದೆ. ಒಬ್ಬರ ಲೆಕ್ಕಕ್ಕೆಂದು ಮಾಡಿದ್ದು ಲಕ್ಷಾಂತರ ಮಂದಿಗೆ ಹೊಂದಿದ್ದಕ್ಕೆ ಕಾರಣವೇನೆಂದರೆ, ಜಮಾ ಖರ್ಚಿನ ನಿಯಮಗಳು ಎಲ್ಲರಿಗೂ ಒಂದೇ ಆಗಿರುವುದು.

ಸಿದ್ಧ ತಂತ್ರಾಂಶದ ಗುಣಗಳು ಮೂರು: ವೆಚ್ಚ ಕಡಿಮೆ, ಅನೇಕರ ಬಳಕೆಯಲ್ಲಿ ದೋಷಗಳು ತಿದ್ದಲ್ಪಟ್ಟಿರುವುವು, ಒಬ್ಬ ಕಾರ್ಯದರ್ಶಿಯು ಬಿಟ್ಟುಹೋದರೆ ಅದನ್ನು ಬಲ್ಲ ಮತ್ತೊಬ್ಬನು ಸಿಕ್ಕುವನು. ಅದರ ಮಿತಿ ಒಂದೇ: ಅದು ನಮ್ಮ ಸಂಘವನ್ನು ನೋಡಿ ಮಾಡಿದ್ದಲ್ಲ. ಆದಕಾರಣ ಹೊಂದಾಣಿಕೆಯ ಕೆಲಸವು ನಮ್ಮ ಪಾಲಿಗೆ ಉಳಿಯುವುದು.

ಮೊದಲು ಪುಸ್ತಕವನ್ನು ಹಸನು ಮಾಡತಕ್ಕದ್ದು

ಕಳೆ ಕೀಳದ ಹೊಲದಲ್ಲಿ ಒಳ್ಳೆಯ ಬೀಜ ಬಿತ್ತಿ ಪ್ರಯೋಜನವಿಲ್ಲ. ಹಾಗೆಯೇ ತಪ್ಪಿರುವ ಖಾತೆಯನ್ನು ಯಂತ್ರಕ್ಕೆ ತುಂಬಿದರೆ ತಪ್ಪು ಇನ್ನಷ್ಟು ಗಟ್ಟಿಯಾಗುವುದು. ಒಬ್ಬ ರೈತನು 80,000 ರೂಪಾಯಿ ಬೆಳೆಸಾಲ ಪಡೆದು ಜನವರಿಯಲ್ಲಿ 50,000 ರೂಪಾಯಿ ಕಟ್ಟಿದನೆಂದಿಟ್ಟುಕೊಳ್ಳೋಣ. ರಸೀತಿಯೇನೋ ಕೊಟ್ಟಾಯಿತು, ಖಾತೆಗೆ ಏರಿಸುವುದು ಮರೆತುಹೋಯಿತು. ಕೈಬರಹದ ಕಾಲದಲ್ಲಿ ಕಾರ್ಯದರ್ಶಿಯ ನೆನಪು ಈ ತಪ್ಪನ್ನು ತುಂಬಿಕೊಡುತ್ತಿತ್ತು. ಯಂತ್ರಕ್ಕೆ ಅಂಥ ನೆನಪಿಲ್ಲ. ಪ್ರಾರಂಭದ ಬಾಕಿ 80,000 ಎಂದು ತುಂಬಿದರೆ, ಗಡುವು ಮೀರಿದ ಮಾರನೆಯ ದಿನವೇ ಆ ರೈತನನ್ನು ಅಷ್ಟೂ ಹಣಕ್ಕೆ ಸುಸ್ತಿದಾರನೆಂದು ಎತ್ತಿ ತೋರಿಸುವುದು. ಉಳಿದ 30,000 ರೂಪಾಯಿ ಹಿಡಿದು ಬಂದವನಿಗೆ ಹೊಸ ಸಾಲದ ಬಾಗಿಲು ಮುಚ್ಚುವುದು. ಅಷ್ಟರಲ್ಲಿ ರಾಗಿ ಬಿತ್ತನೆಯ ಹದ ಕಳೆದುಹೋಗುವುದು.

ಆದ್ದರಿಂದ ಪ್ರತಿಯೊಬ್ಬ ಸದಸ್ಯನ ಷೇರು, ಠೇವಣಿ, ಸಾಲದ ಅಸಲು, ಬಡ್ಡಿ ಇವುಗಳನ್ನು ರಸೀತಿಯೊಡನೆಯೂ ಕಿರ್ದಿಯೊಡನೆಯೂ ತಾಳೆ ನೋಡಬೇಕು. ಬಿಡಿ ಖಾತೆಗಳ ಮೊತ್ತವು ಆಢಾವೆ ಪತ್ರಿಕೆಯ ಮೊತ್ತಕ್ಕೆ ಸಮನಾಗಿರಬೇಕು. ಆ ಮೇಲೆ ಪ್ರತಿ ಸದಸ್ಯನಿಗೂ ಅವನ ಬಾಕಿಯ ಚೀಟಿಯನ್ನು ಕೊಟ್ಟು ರುಜು ಪಡೆಯುವುದು ಲೇಸು. ಗೊಬ್ಬರದ ಮೂಟೆಗಳನ್ನು ಪುಸ್ತಕದಿಂದ ಎಣಿಸದೆ ಗೋದಾಮಿನಲ್ಲಿಯೇ ಎಣಿಸತಕ್ಕದ್ದು.

ಹೆಸರುಗಳ ತೊಡಕೂ ಚಿಕ್ಕದಲ್ಲ. ಅಮೃತಹಳ್ಳಿ, ಜಕ್ಕೂರು, ಕೊಡಿಗೇಹಳ್ಳಿಗಳು ಈಗ ನಗರದೊಳಗೆ ಸೇರಿಹೋಗಿವೆ. ನೆರೆಯ ಬಡಾವಣೆಗೆ ಸಹಕಾರನಗರವೆಂದೇ ಹೆಸರು. ಹೊಲಗಳು ನಿವೇಶನಗಳಾದ ಇಂಥ ಸೀಮೆಯಲ್ಲಿ ಭೂಮಿ ಮಾರಿದವರ, ಊರು ಬಿಟ್ಟವರ, ತೀರಿಹೋದವರ ಹೆಸರುಗಳು ಷೇರು ಪುಸ್ತಕದಲ್ಲಿ ಹಾಗೆಯೇ ಉಳಿದುಬರುವುದು ಸಹಜ. ಒಂದೇ ಊರಿನಲ್ಲಿ ನಾಲ್ವರು ಮುನಿಯಪ್ಪಗಳಿರುವುದೂ ಉಂಟು. ತಂದೆಯ ಹೆಸರು, ಸರ್ವೆ ನಂಬರು, ಫ್ರೂಟ್ಸ್ ನೋಂದಣಿಯ ಸಂಖ್ಯೆ ಇವುಗಳನ್ನು ಹಿಡಿದು ಒಬ್ಬರಿಗೆ ಒಂದೇ ಖಾತೆಯಿರುವಂತೆ ಮಾಡಬೇಕು. ತೀರಿಹೋದವರ ಷೇರನ್ನು ನಾಮನಿರ್ದೇಶಿತರಿಗೆ ಸಲ್ಲಿಸುವ ಕ್ರಮವನ್ನು ಮೊದಲೇ ಪೂರೈಸತಕ್ಕದ್ದು.

ಈ ಶ್ರಮವು ವ್ಯರ್ಥವಲ್ಲವೆಂಬುದಕ್ಕೆ ನಮ್ಮ ರೆವಿನ್ಯೂ ಇಲಾಖೆಯ ‘ಭೂಮಿ’ ಯೋಜನೆಯೇ ಸಾಕ್ಷಿ. ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿ ಪಹಣಿಗಳನ್ನು ಯಂತ್ರಕ್ಕೆ ತುಂಬಿದಾಗ, ಅಚ್ಚಾದ ಪ್ರತಿಗಳನ್ನು ಗ್ರಾಮ ಲೆಕ್ಕಿಗರ ಕೈಗೆ ಕೊಟ್ಟು ಹಳೆಯ ಪುಸ್ತಕದೊಡನೆ ತಾಳೆ ನೋಡಿಸಿ ರುಜು ಮಾಡಿಸಿದರು. ಆ ತಂತ್ರಾಂಶವು ಸಿದ್ಧವಾಗಿ ಕೊಂಡದ್ದಲ್ಲ, ಆ ಕೆಲಸಕ್ಕೆಂದೇ ಮಾಡಿಸಿದ್ದು. ಆದರೂ ಹಳೆಯ ಲೆಕ್ಕವನ್ನು ಹೊಸ ಯಂತ್ರಕ್ಕೆ ಒಯ್ಯುವ ರೀತಿ ಎರಡಕ್ಕೂ ಒಂದೇ.

ಬದಲಾಗಬೇಕಾದದ್ದು ಯಾವುದು: ತಂತ್ರಾಂಶವೋ ಪದ್ಧತಿಯೋ?

ಸಿದ್ಧ ತಂತ್ರಾಂಶವು ಬಂದೊಡನೆ, “ನಮ್ಮ ಸಂಘದಲ್ಲಿ ಹೀಗಿಲ್ಲ, ಇದನ್ನು ತಿದ್ದಿಕೊಡಿ” ಎಂಬ ಬೇಡಿಕೆಗಳು ಹುಟ್ಟುವುವು. ಇಲ್ಲಿ ವಿವೇಚನೆ ಅವಶ್ಯಕ. ಕಾನೂನು, ಉಪನಿಯಮ, ಸರ್ಕಾರದ ಆಜ್ಞೆ, ಬೆಳೆಯ ಕಾಲ ಇವುಗಳಿಂದ ಬಂದ ಅಗತ್ಯವಾದರೆ ತಂತ್ರಾಂಶವನ್ನೇ ಹೊಂದಿಸಬೇಕು. ಬರಿಯ ರೂಢಿಯಿಂದ ಬಂದದ್ದಾದರೆ ರೂಢಿಯನ್ನೇ ಬಿಡುವುದು ಮೇಲು. ಬೇಡಿದಂತೆಲ್ಲ ತಿದ್ದಿಸುತ್ತ ಹೋದರೆ ಒಂದೇ ಆಗಿದ್ದ ತಂತ್ರಾಂಶವು ಸಂಘಕ್ಕೊಂದು ಬಗೆಯಾಗಿ, ಮುಂದೆ ಹೊಸ ಆವೃತ್ತಿ ಬಂದಾಗ ಯಾವುದಕ್ಕೂ ಹೊಂದದೆ ಹೋಗುವುದು.

ಬಡ್ಡಿಯ ಲೆಕ್ಕವನ್ನೇ ನೋಡೋಣ. ಒಂದು ಲಕ್ಷ ರೂಪಾಯಿಗೆ ಶೇಕಡ 7ರಂತೆ 300 ದಿನಗಳ ಬಡ್ಡಿಯು, ವರ್ಷಕ್ಕೆ 365 ದಿನವೆಂದರೆ 5,753 ರೂಪಾಯಿ. 360 ದಿನವೆಂದರೆ 5,833 ರೂಪಾಯಿ. ಅಂತರವು 80 ರೂಪಾಯಿ ಮಾತ್ರ. ಆದರೆ 400 ಮಂದಿ ಸದಸ್ಯರಿಗೆ ಅದೇ ಸುಮಾರು 32,000 ರೂಪಾಯಿ ಆಗುವುದು. ಯಾವ ನಿಯಮವು ಸಂಘಕ್ಕೆ ಅನ್ವಯಿಸುವುದೆಂಬುದನ್ನು ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕಿನಿಂದ ಲಿಖಿತವಾಗಿ ತಿಳಿದು, ಅದರಂತೆ ತಂತ್ರಾಂಶದಲ್ಲಿ ಗೊತ್ತುಪಡಿಸತಕ್ಕದ್ದು.

ತಾರೀಖಿನ ವಿಷಯವು ಇನ್ನೂ ನಾಜೂಕು. ಕಾಲಕ್ಕೆ ಸರಿಯಾಗಿ ತೀರಿಸುವ ರೈತರಿಗೆ ನಮ್ಮ ಪ್ರಾಂತ್ಯದಲ್ಲಿ ಬಡ್ಡಿಯಿಲ್ಲದ ಅಲ್ಪಾವಧಿ ಸಾಲವುಂಟು. ಇದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸುವುದಾಗಿ 2023-24ನೆಯ ಸಾಲಿನ ಆಯವ್ಯಯದಲ್ಲಿ ಸರ್ಕಾರದವರು ಪ್ರಕಟಿಸಿದರು. ಗಡುವಿನ ದಿನದೊಳಗೆ ಕಟ್ಟಿದವನಿಗೆ ಮಾತ್ರ ಈ ಅನುಕೂಲ. ಸಂಜೆ ಬಂದ ಹಣವನ್ನು ಪೆಟ್ಟಿಗೆಯಲ್ಲಿಟ್ಟು ಎರಡು ದಿನ ಬಿಟ್ಟು ಜಮಾ ಬರೆಯುವುದು ಕೆಲವೆಡೆ ರೂಢಿ. ಯಂತ್ರವು ಬರೆದ ದಿನವನ್ನೇ ಕಟ್ಟಿದ ದಿನವೆಂದು ಎಣಿಸಿದರೆ ರೈತನು ನಿರಪರಾಧಿಯಾಗಿ ಬಡ್ಡಿ ತೆರಬೇಕಾಗುವುದು. ಇಲ್ಲಿ ತಿದ್ದಬೇಕಾದದ್ದು ತಂತ್ರಾಂಶವಲ್ಲ, ರೂಢಿ. ಹಣ ಬಂದ ಘಳಿಗೆಯಲ್ಲಿಯೇ ಜಮಾ, ಜಮಾ ಆದ ಘಳಿಗೆಯಲ್ಲಿಯೇ ಅಚ್ಚಾದ ರಸೀತಿ ಎಂಬುದು ಮೀರಲಾಗದ ನಿಯಮವಾಗಿರಲಿ.

ಪ್ರಾರಂಭಕ್ಕೆ ತಕ್ಕ ಕಾಲ

ಅಮೆರಿಕಾ ದೇಶದಲ್ಲಿ ಹರ್ಷೀ ಎಂಬ ಹೆಸರುವಾಸಿ ಚಾಕೊಲೇಟ್ ಕಂಪನಿಯವರು 1999ರ ಜುಲೈನಲ್ಲಿ ದೊಡ್ಡ ಸಿದ್ಧ ತಂತ್ರಾಂಶಕ್ಕೆ ಬದಲಾಯಿಸಿದರು. ಮಿಠಾಯಿಯ ಮಾರಾಟ ಏರುವ ಹಬ್ಬದ ಕಾಲ ಹತ್ತಿರದಲ್ಲಿಯೇ ಇತ್ತು. ಗೋದಾಮಿನಲ್ಲಿ ಸರಕಿದ್ದರೂ ಅಂಗಡಿಗಳಿಗೆ ಕಳುಹಿಸಲಾಗದೆ ಸುಮಾರು 10 ಕೋಟಿ ಡಾಲರಿನ ಬೇಡಿಕೆಗಳು ಪೂರೈಕೆಯಾಗದೆ ನಿಂತುವು. ನಾಲ್ಕು ವರ್ಷಕ್ಕೆ ಅಂದಾಜು ಮಾಡಿದ್ದ ಕೆಲಸವನ್ನು ಎರಡೂವರೆ ವರ್ಷಕ್ಕೆ ಇಳಿಸಿದ್ದೂ ಇದಕ್ಕೆ ಒಂದು ಕಾರಣವೆನ್ನುವರು. ಬಿತ್ತನೆಯ ದಿನದಲ್ಲಿ ಕೂರಿಗೆ ಬದಲಾಯಿಸಬಾರದೆಂಬ ನಮ್ಮ ರೈತನ ತಿಳಿವಳಿಕೆಯೇ ಇಲ್ಲಿಯೂ ಪ್ರಮಾಣ.

ನಮ್ಮ ಸಂಘಗಳಿಗೆ ಮಾರ್ಚಿಯು ವಸೂಲಿಯ ಕಾಲ. ಜೂನ್ ಜುಲೈಗಳು ಮುಂಗಾರಿನ ಸಾಲ ಮತ್ತು ಗೊಬ್ಬರದ ನೂಕುನುಗ್ಗಲು. ಆದ್ದರಿಂದ ಮಾರ್ಚಿ 31ರ ಅಂತಿಮ ಬಾಕಿಗಳನ್ನು ಪ್ರಾರಂಭದ ಬಾಕಿಗಳಾಗಿ ತುಂಬಿ, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕೈಬರಹದ ಪುಸ್ತಕವನ್ನೂ ಯಂತ್ರವನ್ನೂ ಜೊತೆಯಾಗಿ ನಡೆಸುವುದು ಉತ್ತಮ. ಪ್ರತಿ ಸಂಜೆ ಪೆಟ್ಟಿಗೆಯ ನಗದು, ಕಿರ್ದಿ, ಯಂತ್ರ ಮೂರೂ ಒಂದೇ ಅಂಕಿಯನ್ನು ತೋರಿಸಬೇಕು. ಮೇ ಕೊನೆಯಲ್ಲಿಯೂ ತಾಳೆಯಾಗದಿದ್ದರೆ, ಯಾರ ಒತ್ತಾಯಕ್ಕೂ ಮಣಿಯದೆ ಬಿತ್ತನೆ ಮುಗಿಯುವವರೆಗೆ ಮುಂದೂಡತಕ್ಕದ್ದು.

ತಾಳೆಯಾದ ಮೇಲೆ ಮಾತ್ರ ಎರಡು ಪುಸ್ತಕಗಳನ್ನು ಇಟ್ಟುಕೊಳ್ಳಬಾರದು. ಗಣಕೀಕೃತ ಪಹಣಿಯು ಜಾರಿಗೆ ಬಂದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಯನ್ನು ನಿಲ್ಲಿಸಿದ್ದರಿಂದಲೇ ಜನರಿಗೆ ಹೊಸದರಲ್ಲಿ ನಂಬಿಕೆ ಹುಟ್ಟಿತು. ಎರಡು ಲೆಕ್ಕವಿದ್ದಲ್ಲಿ ಸಂಶಯಕ್ಕೆ ಎರಡು ಬಾಗಿಲು. ಹಳೆಯ ಪುಸ್ತಕಗಳನ್ನು ಎಸೆಯದೆ, ಕೊನೆಯ ಪುಟಕ್ಕೆ ಅಧ್ಯಕ್ಷರ ರುಜು ಹಾಕಿಸಿ ಭದ್ರವಾಗಿಡಬೇಕು.

ಜನರನ್ನು ಒಲಿಸಿಕೊಳ್ಳುವುದು

ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲನ್ನು ತಯಾರಿಸಿದಾಗ, ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವುದೆಂದು ರೈತರು ಹಿಂಜರಿದರು. ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಪ್ರತೀತಿ. ಹೊಸದನ್ನು ಕುರಿತ ಅಳುಕು ಮೂಢತನವಲ್ಲ. ಕಳೆದುಕೊಳ್ಳಲು ಹೆಚ್ಚಿಲ್ಲದವನ ಎಚ್ಚರಿಕೆ. ಇಪ್ಪತ್ತು ವರ್ಷ ಖಾತೆ ಬರೆದ ಕಾರ್ಯದರ್ಶಿಯೂ ಹೀಗೆಯೇ ಅಳುಕುವನು. ಅವನನ್ನು ಬದಿಗೊತ್ತಿ ಹೊಸ ಹುಡುಗನೊಬ್ಬನ ಕೈಗೆ ಯಂತ್ರವನ್ನು ಕೊಡುವುದು ತರವಲ್ಲ. ಹುಡುಗನು ಕೀಲಿಮಣೆಯನ್ನು ಬಲ್ಲನು. ಆದರೆ ಯಾವ ಬಾಕಿ ನಿಜ, ಯಾವುದು ಸುಳ್ಳು ಎಂಬುದನ್ನು ಬಲ್ಲವನು ಕಾರ್ಯದರ್ಶಿಯೇ. ಇಬ್ಬರನ್ನೂ ಜೊತೆಯಾಗಿ ಕೂಡಿಸಿ ತರಬೇತು ಕೊಡಬೇಕು; ಒಂದು ದಿನದ ಭಾಷಣಕ್ಕಿಂತ ತಮ್ಮದೇ ಸಂಘದ ಲೆಕ್ಕದ ಮೇಲೆ ಒಂದು ವಾರದ ಅಭ್ಯಾಸವು ಹೆಚ್ಚು ಫಲಕಾರಿ.

ಗುಪ್ತಪದವನ್ನು ಗೋಡೆಯ ಮೇಲೆ ಬರೆದಿಡುವುದೂ, ಒಬ್ಬರ ಹೆಸರಿನಲ್ಲಿ ಎಲ್ಲರೂ ಕೆಲಸ ಮಾಡುವುದೂ ಅಪಾಯಕರ. ‘ಭೂಮಿ’ಯಲ್ಲಿ ಅಧಿಕಾರಿಗಳಿಗೆ ಬೆರಳಚ್ಚಿನ ಏರ್ಪಾಡು ಮಾಡಿದ್ದರ ಉದ್ದೇಶವು, ಯಾರು ತಿದ್ದಿದರೆಂಬುದು ಮುಂದೆ ಅಲ್ಲಗಳೆಯಲಾಗದಂತೆ ಉಳಿಯಲೆಂಬುದೇ. ಬರೆಯುವವನು ಒಬ್ಬ, ಒಪ್ಪಿಗೆ ಕೊಡುವವನು ಇನ್ನೊಬ್ಬ ಇರುವುದು ಕ್ಷೇಮ.

ಉಪಸಂಹಾರ

ಮೇಲೆ ಹೇಳಿದ ಕ್ರಮವನ್ನು ಸಂಕ್ಷೇಪವಾಗಿ ಹೀಗೆ ನೆನಪಿಡಬಹುದು:

1. ಖಾತೆ, ರಸೀತಿ, ದಾಸ್ತಾನುಗಳನ್ನು ತಾಳೆ ಮಾಡಿದ ಮೇಲೆಯೇ ಯಂತ್ರಕ್ಕೆ ತುಂಬುವುದು.
2. ಕಾನೂನಿನ ಅಗತ್ಯಕ್ಕೆ ತಂತ್ರಾಂಶವನ್ನು ಹೊಂದಿಸುವುದು. ಬರಿಯ ರೂಢಿಯಾದರೆ ರೂಢಿಯನ್ನು ಬಿಡುವುದು.
3. ಮುಂಗಾರಿನ ನೂಕುನುಗ್ಗಲಿಗೆ ಮೊದಲೇ ಎರಡು ತಿಂಗಳು ಜೋಡಿ ಲೆಕ್ಕ ನಡೆಸಿ, ಆ ಬಳಿಕ ಒಂದನ್ನೇ ಉಳಿಸುವುದು.
4. ಹಳೆಯ ಕಾರ್ಯದರ್ಶಿಯ ತಿಳಿವಳಿಕೆಯನ್ನು ಹೊಸ ಯಂತ್ರದೊಡನೆ ಕೂಡಿಸುವುದು.

ರೈತ ಸದಸ್ಯರು ಮಾಡಬೇಕಾದದ್ದೂ ಒಂದುಂಟು. ಹಣ ಕಟ್ಟಿದೊಡನೆ ಅಚ್ಚಾದ ರಸೀತಿಯನ್ನು ಕೇಳಿ ಪಡೆದು, ಅದರಲ್ಲಿರುವ ತಾರೀಖನ್ನೂ ಉಳಿದ ಬಾಕಿಯನ್ನೂ ಸ್ವತಃ ಓದಿ, ಇಲ್ಲವೇ ಓದು ಬಲ್ಲ ಮಕ್ಕಳಿಂದ ಓದಿಸಿ, ಪಹಣಿಯ ಜೊತೆಯಲ್ಲಿ ಕಟ್ಟಿಡತಕ್ಕದ್ದು. ವ್ಯತ್ಯಾಸ ಕಂಡರೆ ಅಂದೇ ಸಂಘದವರಿಗೆ ತಿಳಿಸತಕ್ಕದ್ದು.