ಐಸ್ಲೆಂಡಿನ ಸ್ತ್ರೀಯರ ಒಂದು ದಿನದ ರಜೆ

ಉತ್ತರ ಅಟ್ಲಾಂಟಿಕ್ ಸಾಗರದಲ್ಲಿರುವ ಐಸ್ಲೆಂಡ್ ದ್ವೀಪದ ಸ್ತ್ರೀಯರಿಗೆ ರಾಜಕೀಯ ಹಕ್ಕುಗಳು ಬೇಗನೆಯೇ ದೊರೆತವು. 1908ರಲ್ಲಿಯೇ ರಾಜಧಾನಿ ರೇಕ್ಯಾವಿಕ್ ನಗರದ ಪೌರಸಭೆಗೆ ನಾಲ್ವರು ಸ್ತ್ರೀಯರು ಚುನಾಯಿತರಾದರು. 1915ರಲ್ಲಿ ಪಾರ್ಲಿಮೆಂಟಿನ ಮತಾಧಿಕಾರವೂ ಬಂದಿತು. ಆದರೆ ನಾಲ್ವತ್ತು ವರ್ಷ ತುಂಬಿದವರಿಗೆ ಮಾತ್ರ! ನರೆಗೂದಲು ಮೂಡುವವರೆಗೆ ಹೆಣ್ಣಿಗೆ ವಿವೇಕ ಬಾರದೆಂದು ಅಲ್ಲಿಯ ಪುರುಷರು ಎಣಿಸಿದ್ದರೋ ಏನೋ. 1920ರಲ್ಲಿ ಈ ನಿರ್ಬಂಧವು ತೊಲಗಿತು. 1922ರಲ್ಲಿ ಆಲ್ಥಿಂಗ್ ಎಂಬ ಅವರ ಪಾರ್ಲಿಮೆಂಟಿಗೆ ಮೊದಲ ಮಹಿಳೆ ಪ್ರವೇಶಿಸಿದರು. ಇಷ್ಟಾಗಿಯೂ 1975ರಲ್ಲಿ ಆ ಸಭೆಯ 60 ಸ್ಥಾನಗಳಲ್ಲಿ ಸ್ತ್ರೀಯರಿಗಿದ್ದುದು ಕೇವಲ ಮೂರು. ಶಾಸನವು ಬಾಗಿಲನ್ನು ತೆರೆದಿತ್ತು, ನಿಜ. ಆದರೆ ಮನೆಯ ಕೆಲಸವನ್ನು ಯಾರಿಗೆ ಒಪ್ಪಿಸಿ ಆ ಬಾಗಿಲನ್ನು ದಾಟಬೇಕೆಂಬುದನ್ನು ಶಾಸನವು ಹೇಳಿರಲಿಲ್ಲ.

ಆ ವರ್ಷವನ್ನು ವಿಶ್ವಸಂಸ್ಥೆಯು ಮಹಿಳಾವರ್ಷವೆಂದು ಸಾರಿದ್ದಿತು. ಸ್ತ್ರೀಯರೆಲ್ಲರೂ ಒಂದು ದಿನ ಮುಷ್ಕರ ಹೂಡಬೇಕೆಂಬ ಸೂಚನೆಯನ್ನು ಅಲ್ಲಿಯ ಉಗ್ರಪಂಥದ ತರುಣಿಯರು ಮುಂದಿಟ್ಟರು. ಮುಷ್ಕರವೆಂಬ ಮಾತಿಗೆ ಅನೇಕ ಗೃಹಿಣಿಯರು ಹಿಂಜರಿದರು. ಆಗ ಅದನ್ನು ‘ರಜೆ’ ಎಂದು ಕರೆಯಲಾಯಿತು. ಹೆಸರು ಬದಲಾದುದೇ ತಡ, ಎಲ್ಲ ಪಕ್ಷಗಳ, ಎಲ್ಲ ವರ್ಗಗಳ ಸ್ತ್ರೀಯರೂ ಕೂಡಿಬಂದರು. ಇದನ್ನು ಕೇವಲ ಜಾಣತನವೆನ್ನುವವರುಂಟು. ನಮಗಾದರೋ ಇದು ಪಕ್ವವಾದ ರಾಜನೀತಿಯಾಗಿ ತೋರುತ್ತದೆ. ಮುಷ್ಕರ ಹೂಡಿದವರನ್ನು ಧಣಿಯು ಕೆಲಸದಿಂದ ತೆಗೆದಾನು. ರಜೆ ಕೇಳಿದವಳನ್ನು ಯಾವ ನೆಪದಿಂದ ತೆಗೆಯಬೇಕು?

1975ನೆಯ ಅಕ್ಟೋಬರ್ 24, ಶುಕ್ರವಾರ. ದೇಶದ ಸ್ತ್ರೀಯರಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿ ಕಚೇರಿಗೂ ಹೋಗಲಿಲ್ಲ, ಅಡಿಗೆಯನ್ನೂ ಮಾಡಲಿಲ್ಲ. ಮೀನಿನ ಕಾರ್ಖಾನೆಗಳೂ ಶಾಲೆಗಳೂ ಮುಚ್ಚಿದವು. ಅಕ್ಷರ ಜೋಡಿಸುವ ಹೆಂಗಸರಿಲ್ಲದೆ ವೃತ್ತಪತ್ರಿಕೆಗಳ ಅಚ್ಚುಕೆಲಸವೂ ತೊಡಕಿಗೆ ಸಿಕ್ಕಿತು; ನಮ್ಮ ವೃತ್ತಿಬಾಂಧವರು ಇದನ್ನು ಗಮನಿಸಬೇಕು. ತಂದೆಯರು ಮಕ್ಕಳನ್ನು ಕೈಹಿಡಿದು ಕಚೇರಿಗೆ ಕರೆತಂದರು. ರೇಡಿಯೋ ವಾರ್ತೆಯ ಹಿಂದಿನಿಂದ ಮಕ್ಕಳ ಗಲಾಟೆ ಕೇಳಿಬಂದಿತು. ಬೇಯಿಸಲು ಸುಲಭವಾದ ಸಾಸೇಜು ಅಂಗಡಿಗಳಲ್ಲಿ ಸಿಕ್ಕದಾಯಿತು. ಆಗ ಸುಮಾರು 2,20,000 ಜನರಿದ್ದ ದೇಶದಲ್ಲಿ 25,000ದಷ್ಟು ಮಂದಿ ರೇಕ್ಯಾವಿಕ್ಕಿನ ಚೌಕದಲ್ಲಿ ಸಭೆ ಸೇರಿದರು.

ಮರುವರ್ಷವೇ ಸ್ತ್ರೀಪುರುಷ ಸಮಾನತೆಯ ಶಾಸನವು ಅಂಗೀಕೃತವಾಯಿತು. 1980ರಲ್ಲಿ ವಿಗ್ದಿಸ್ ಫಿನ್‌ಬೋಗಾದೊತ್ತಿರ್ ಎಂಬ ಮಹಿಳೆ ಮೂವರು ಪುರುಷರನ್ನು ಸೋಲಿಸಿ ರಾಷ್ಟ್ರಾಧ್ಯಕ್ಷರಾದರು. ವಿಚ್ಛೇದಿತೆ, ದತ್ತುಪುತ್ರಿಯನ್ನು ಒಬ್ಬರೇ ಸಾಕುತ್ತಿದ್ದವರು. ಜನರ ಮತದಿಂದ ಆ ಪದವಿಗೇರಿದ ಸ್ತ್ರೀಯರಲ್ಲಿ ಜಗತ್ತಿಗೇ ಮೊದಲಿಗರಾದ ಇವರು 1996ರ ವರೆಗೆ ಅಧಿಕಾರದಲ್ಲಿದ್ದರು. 1983ರಲ್ಲಿ ಸ್ತ್ರೀಯರದೇ ಆದ ಪಕ್ಷವೊಂದು ಆಲ್ಥಿಂಗಿನಲ್ಲಿ ಮೂರು ಸ್ಥಾನಗಳನ್ನು ಗಳಿಸಿತು.

ಸಂಬಳದ ಲೆಕ್ಕ ಮಾತ್ರ ಅಷ್ಟು ಬೇಗ ಸರಿಹೋಗಲಿಲ್ಲ. ಪುರುಷರ ಸರಾಸರಿ ವರಮಾನಕ್ಕೆ ತಮ್ಮದನ್ನು ಹೋಲಿಸಿ, ದಿನದ ಯಾವ ಗಳಿಗೆಯಿಂದ ತಾವು ಬಿಟ್ಟಿ ದುಡಿಯುತ್ತಿರುವೆವೆಂದು ಗುಣಿಸಿ, 2005ರಲ್ಲಿ ಅಲ್ಲಿಯ ಸ್ತ್ರೀಯರು ಮಧ್ಯಾಹ್ನ 2 ಗಂಟೆ 8 ನಿಮಿಷಕ್ಕೆ ಕೆಲಸ ಬಿಟ್ಟು ಹೊರನಡೆದರು. 2018ರಲ್ಲಿ ಹಾಗೆಯೇ ಹೊರಟಾಗ ಗಡಿಯಾರವು 2 ಗಂಟೆ 55 ನಿಮಿಷ ತೋರಿಸುತ್ತಿತ್ತು. ಹದಿಮೂರು ವರ್ಷಗಳಲ್ಲಿ ಲಭಿಸಿದ್ದು ನಾಲ್ವತ್ತೇಳು ನಿಮಿಷ. 2023ರ ಅಕ್ಟೋಬರ್ 24ರಂದು ಅವರು ಮತ್ತೆ ಇಡೀ ದಿನ ಕೆಲಸ ನಿಲ್ಲಿಸಿದರು. ಅಂದಿನ ಪ್ರಧಾನಮಂತ್ರಿ ಕತ್ರೀನ್ ಯಾಕೊಬ್ಸ್‌ದೊತ್ತಿರ್ ಕೂಡ ಆ ದಿನ ಕೆಲಸಕ್ಕೆ ಹೋಗಲಿಲ್ಲ.