ಸುವರ್ಣಗಿರಿಯನ್ನು ಅರಸುತ್ತ

ಏಳು ಕೊಪ್ಪರಿಗೆ ಹೊನ್ನಿನ ಕಥೆಯನ್ನು ಕೇಳದೆ ಬೆಳೆದವರು ನಮ್ಮ ವಿಜಯಪುರ ಸೀಮೆಯಲ್ಲಿ ವಿರಳ. ಊರ ಹೊರಗಿನ ಹಾಳುಗುಡಿಯ ಕೆಳಗೋ, ಮುರಿದುಬಿದ್ದ ಹುಡೇವಿನ ಬುಡದಲ್ಲೋ ಸರ್ಪಕಾವಲಿನಲ್ಲಿ ಹೊನ್ನು ತುಂಬಿದ ಏಳು ಕೊಪ್ಪರಿಗೆಗಳಿವೆಯೆಂದೂ ಭಾಗ್ಯವಂತನಿಗೆ ಮಾತ್ರ ಅವು ಕಾಣಿಸುವವೆಂದೂ ದೇವರ ಹಿಪ್ಪರಗಿಯ ಕಟ್ಟೆಗಳ ಮೇಲೆ ಹಿರಿಯರು ಹೇಳುವುದನ್ನು ನಾನೂ ಬಾಲ್ಯದಲ್ಲಿ ಬಾಯ್ದೆರೆದು ಕೇಳಿದ್ದೇನೆ. ಆ ಭಾಗ್ಯವಂತನು ಯಾರೆಂಬುದನ್ನು ಮಾತ್ರ ಯಾರೂ ಹೇಳಲಿಲ್ಲ.

ಮನುಷ್ಯನ ಆಸೆಗೆ ಕೊಪ್ಪರಿಗೆಯು ನಗರವಾಗಲು ಬಹುಕಾಲ ಬೇಡ. ದಕ್ಷಿಣ ಅಮೆರಿಕದ ಕೊಲಂಬಿಯದಲ್ಲಿ ಮುಯಿಸ್ಕ ಜನರ ಅರಸನು ಮೈಗೆಲ್ಲ ಚಿನ್ನದ ಪುಡಿಯನ್ನು ಪೂಸಿಕೊಂಡು ಗ್ವಾಟವಿಟ ಸರೋವರದಲ್ಲಿ ಮೀಯುವನೆಂಬ ವಾರ್ತೆ ಸ್ಪೇನಿನವರ ಕಿವಿಗೆ ಬಿದ್ದಿತು. ಆ ‘ಹೊನ್ನಿನ ಮನುಷ್ಯ’ನೇ, ಎಂದರೆ ಎಲ್ ಡೊರಾಡೊನೇ, ಬಾಯಿಂದ ಬಾಯಿಗೆ ಹಾಯ್ದು ಹೊನ್ನಿನ ನಗರವಾಗಿಬಿಟ್ಟನು. 1540ರಲ್ಲಿ ಕೊರೊನಾಡೊ ಎಂಬ ದಳಪತಿಯು ಮೆಕ್ಸಿಕೋದಿಂದ ಉತ್ತರಕ್ಕೆ ‘ಸಿಬೊಲದ ಏಳು ನಗರ’ಗಳನ್ನು ಅರಸಿ ಹೊರಟನು. ನಮ್ಮ ಕೊಪ್ಪರಿಗೆಗಳಂತೆ ಅವೂ ಏಳೇ! ಅವನಿಗೆ ದೊರೆತದ್ದು ಜೂನಿ ಜನರ ಕಲ್ಲುಮಣ್ಣಿನ ಮನೆಗಳು. ಇಂಗ್ಲೆಂಡಿನ ಸರ್ ವಾಲ್ಟರ್ ರ‍್ಯಾಲಿಯು 1595ರಲ್ಲೊಮ್ಮೆ, 1617ರಲ್ಲೊಮ್ಮೆ ಗಯಾನಾ ಪ್ರಾಂತಕ್ಕೆ ಯಾತ್ರೆ ಕೈಕೊಂಡನು. ಎರಡನೆಯ ಯಾತ್ರೆಯಲ್ಲಿ ಮಗನನ್ನು ಕಳೆದುಕೊಂಡು ಬರಿಗೈಯಲ್ಲಿ ಮರಳಿದ ಆತನು 1618ರಲ್ಲಿ ತಲೆದಂಡ ತೆರಬೇಕಾಯಿತು. 1925ರಲ್ಲಿ ಕಳೆದುಹೋದ ನಗರವೊಂದನ್ನು ಹುಡುಕುತ್ತ ಬ್ರೆಜಿಲಿನ ಅಡವಿಯನ್ನು ಹೊಕ್ಕ ಕರ್ನಲ್ ಫಾಸೆಟ್ಟನಂತೂ ಹಿಂದಿರುಗಲೇ ಇಲ್ಲ.

ಇಂತಹ ಸಾಹಸದ ಕಥೆಗಳನ್ನು ಓದುವಾಗ, ಹೊನ್ನಿನ ನಗರವೊಂದು ನಮ್ಮ ನಾಡಿನಲ್ಲಿಯೂ ಕಳೆದುಹೋಗಿದೆಯೆಂಬುದನ್ನು ನಾವು ಮರೆಯುತ್ತೇವೆ. ಅದರ ಹೆಸರು ಸುವರ್ಣಗಿರಿ. ಅದು ಕಟ್ಟುಕಥೆಯ ಊರಲ್ಲ. ಕಲ್ಲಿನಲ್ಲಿ ಕೊರೆದ ಸಾಕ್ಷಿ ಅದಕ್ಕುಂಟು.

ಬಂಡೆಯ ಮೇಲಿನ ವಿಳಾಸ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಸೀಮೆಯಲ್ಲಿ ಬ್ರಹ್ಮಗಿರಿಯೆಂಬ ಬೆಟ್ಟವಿದೆ. ಶಾಸನಗಳಿಗಾಗಿ ಮೈಸೂರು ಸಂಸ್ಥಾನವನ್ನೆಲ್ಲ ಅಲೆದ ಬಿ. ಎಲ್. ರೈಸ್ ಅವರು 1892ರಲ್ಲಿ ಅಲ್ಲಿಯೂ ಅದರ ನೆರೆಯಲ್ಲಿಯೂ ಮೌರ್ಯರ ಕಾಲದ ಬಂಡೆಗಲ್ಲ ಶಾಸನಗಳನ್ನು ಬೆಳಕಿಗೆ ತಂದರು. ಅದೊಂದು ರಾಜಪತ್ರ. ಸುವರ್ಣಗಿರಿಯಿಂದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕ್ಷೇಮ ವಿಚಾರಿಸಿ ಕಳುಹಿಸಿದ ಆಜ್ಞೆ. ಇಸಿಲವೆಂದರೆ ಆ ಬ್ರಹ್ಮಗಿರಿಯ ತಪ್ಪಲಿನ ಊರೇ. ಹಾಗಾದರೆ ಪತ್ರ ಹೊರಟ ಸುವರ್ಣಗಿರಿ ಎಲ್ಲಿ? ವಾಯವ್ಯಕ್ಕೆ ತಕ್ಷಶಿಲೆ, ಪಶ್ಚಿಮಕ್ಕೆ ಉಜ್ಜಯಿನಿ, ಪೂರ್ವಕ್ಕೆ ತೋಸಲಿ ಇದ್ದಂತೆ ಮೌರ್ಯರ ದಕ್ಷಿಣ ಪ್ರಾಂತಕ್ಕೆ ಅದು ರಾಜಧಾನಿ. ಪತ್ರವು ಉಳಿಯಿತು, ಪಟ್ಟಣವು ಕಣ್ಮರೆಯಾಯಿತು.

ವಿದ್ವಾಂಸರು ಹೆಸರಿನ ಜಾಡು ಹಿಡಿದು ಹೊರಟರು. ಕೊಪ್ಪಳ ಜಿಲ್ಲೆಯ ಕನಕಗಿರಿಯೇ ಅದೆಂದು ಕೆಲವರು ಹೇಳಿದರು. ಕನಕವೆಂದರೂ ಸುವರ್ಣವೆಂದರೂ ಹೊನ್ನೇ ತಾನೆ? ಆಂಧ್ರದ ಕರ್ನೂಲು ಸೀಮೆಯ ಜೊನ್ನಗಿರಿಯೇ ಅದೆಂದು ಮತ್ತೆ ಕೆಲವರ ವಾದ; ಅದರ ಸಮೀಪದ ಎರ್ರಗುಡಿಯಲ್ಲಿಯೂ ಅಶೋಕನ ಶಾಸನಗಳು ದೊರೆತಿವೆ. ರಾಯಚೂರು ಜಿಲ್ಲೆಯ ಮಸ್ಕಿಯೆಂಬುದು ಮೂರನೆಯವರ ಪಕ್ಷ. ವಾದ ಇಂದಿಗೂ ತೀರಿಲ್ಲ. ಆದರೆ ಮಸ್ಕಿಯ ವಿಷಯದಲ್ಲಿ ನಡೆದ ಒಂದು ಸಂಗತಿ ಯಾವ ಕಾದಂಬರಿಗೂ ಕಡಿಮೆಯಾದುದಲ್ಲ.

ಚಿನ್ನಕ್ಕೆ ಹೋದವನಿಗೆ ಸಿಕ್ಕಿದ್ದು

ನಮ್ಮ ಹಿಪ್ಪರಗಿಯಿಂದ ದಕ್ಷಿಣಕ್ಕೆ ಸಾಗಿ ಕೃಷ್ಣೆಯನ್ನು ದಾಟಿದರೆ ಲಿಂಗಸುಗೂರು ಸೀಮೆ; ಅದರಾಚೆ ಮಸ್ಕಿ. ಆ ಪ್ರಾಂತವು ಆಗ ನಿಜಾಮರ ಆಳ್ವಿಕೆಯಲ್ಲಿದ್ದಿತು. 1915ರ ಜನವರಿ ತಿಂಗಳಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರನು ಚಿನ್ನದ ನಿಕ್ಷೇಪವನ್ನು ಶೋಧಿಸುತ್ತ ಮಸ್ಕಿಯ ಗುಡ್ಡಕ್ಕೆ ಬಂದನು. ಅಲ್ಲಿ ಗುಹೆಯಂತಹ ಒಂದು ತಾಣದ ಬಂಡೆಯ ಮೇಲೆ ಅವನಿಗೆ ಅಕ್ಷರಗಳು ಕಂಡವು. ಅದೇ ವರ್ಷ ಶಾಸನತಜ್ಞ ಹೊಸಕೋಟೆ ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ ಪ್ರಕಟಿಸಿದರು.

ಆ ಅಕ್ಷರಗಳ ಬೆಲೆಯನ್ನು ಅರಿಯಬೇಕಾದರೆ ತುಸು ಹಿಂದಕ್ಕೆ ಹೋಗಬೇಕು. 1837ರ ವೇಳೆಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದ್ದನು. ಆದರೆ ಭಾರತದುದ್ದಕ್ಕೂ ದೊರೆತ ಬಂಡೆಗಳಲ್ಲಿ, ಕಂಬಗಳಲ್ಲಿ ಇದ್ದದ್ದು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದು ಮಾತ್ರ. ಆತನೇ ಅಶೋಕನೆಂಬುದನ್ನು ಸಿಂಹಳದ ಬೌದ್ಧ ಗ್ರಂಥಗಳ ಆಧಾರದಿಂದ ಊಹಿಸಿದ್ದರು. ಮಸ್ಕಿಯ ಬಂಡೆಯಲ್ಲಿಯೋ ದೇವಾನಾಂಪ್ರಿಯನೆಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರೇ ನಿಚ್ಚಳವಾಗಿ ನಿಂತಿದ್ದಿತು! ಮುಂದೆ ಗುಜರ್ರಾ, ನಿಟ್ಟೂರು, ಉಡೇಗೋಳಗಳಲ್ಲಿಯೂ ಆ ಹೆಸರುಳ್ಳ ಶಾಸನಗಳು ಸಿಕ್ಕವು. ಮೊದಲನೆಯ ಮಾನ ಮಾತ್ರ ಮಸ್ಕಿಯದೇ.

ಆ ಶಾಸನದ ಹುರುಳನ್ನು ಕೇಳಿದರೆ ಇನ್ನಷ್ಟು ವಿಸ್ಮಯವಾಗುತ್ತದೆ. ಧರ್ಮದಿಂದ ದೊರೆಯುವ ಉನ್ನತಿಯು ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವನೂ ಪ್ರಯತ್ನಪಟ್ಟರೆ ಅದನ್ನು ಪಡೆಯಬಲ್ಲನು ಎಂಬುದು ಅದರ ಸಾರ. ಭಾಗ್ಯವಂತನಿಗೆ ಮಾತ್ರ ಕಾಣುವ ನಮ್ಮ ಕೊಪ್ಪರಿಗೆಗೂ, ಎಲ್ಲರಿಗೂ ತೆರೆದಿಟ್ಟ ಈ ಮಾತಿಗೂ ಎಷ್ಟು ಅಂತರ!

ಹೆಸರಿಲ್ಲದ ಸಾಹಸಿಗಳು

ಸುವರ್ಣಗಿರಿಗೆ ಆ ಹೆಸರು ಸುಮ್ಮನೆ ಬಂದಿರಲಿಕ್ಕಿಲ್ಲ. ಮಸ್ಕಿಗೆ ಸಮೀಪದ ಹಟ್ಟಿಯಲ್ಲಿ ಈಗಲೂ ಚಿನ್ನವನ್ನು ತೆಗೆಯುತ್ತಾರೆ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದರೂ ಹಟ್ಟಿಯ ಕೆಲಸ ನಿಂತಿಲ್ಲ. ಅಲ್ಲಿ ಪ್ರಾಚೀನರು ತೋಡಿದ ಗಣಿಗಳು ಸುಮಾರು 640 ಅಡಿ ಆಳಕ್ಕೆ ಇಳಿದಿವೆ. ಆ ಹಳೆಯ ಗಣಿಯಲ್ಲಿ ದೊರೆತ ಮರದ ತುಂಡುಗಳು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಿಂದಿನವೆಂದು ವಿಜ್ಞಾನಿಗಳು ಲೆಕ್ಕಹಾಕಿದ್ದಾರೆ. ಮದ್ದುಗುಂಡು ಇಲ್ಲದ ಕಾಲ, ಯಂತ್ರವಿಲ್ಲ, ವಿದ್ಯುತ್ತಿಲ್ಲ. ಬಂಡೆಗೆ ಬೆಂಕಿಯಿಟ್ಟು ಕಾಸಿ, ಸೀಳಿಸಿ, ಆ ಕತ್ತಲಲ್ಲಿ ಹೊಗೆಯುಂಡು ಕಲ್ಲನ್ನು ಹೊತ್ತು ಮೇಲೆ ತಂದವರು ಯಾರು? ಅವರ ಹೆಸರನ್ನು ಯಾವ ಬಂಡೆಯೂ ಹೇಳುವುದಿಲ್ಲ. ರ‍್ಯಾಲಿ, ಕೊರೊನಾಡೊರಿಗಿಂತ ಇವರ ಸಾಹಸ ಕಡಿಮೆಯಾದುದೆಂದು ನಾನು ಒಪ್ಪಲಾರೆ.

ಇಷ್ಟನ್ನು ಬರೆಯುವಾಗ ಒಂದು ನೋವು ಮನಸ್ಸನ್ನು ಕೊರೆಯುತ್ತದೆ. ಏಳು ಕೊಪ್ಪರಿಗೆಯ ಕಥೆ ನಮ್ಮಲ್ಲಿ ಕಥೆಯಾಗಿಯೇ ಉಳಿದಿಲ್ಲ. ನಿಧಿಯ ಆಸೆಯಿಂದ ರಾತ್ರಿಯ ಹೊತ್ತು ಹಾರೆ ಗುದ್ದಲಿ ಹಿಡಿದು ಹಾಳುಗುಡಿಗಳಿಗೆ ಹೋಗುವವರು ಇಂದಿಗೂ ಇದ್ದಾರೆ. ಬೆಳಗಾದಾಗ ನಂದಿಯು ಮಗುಚಿ ಬಿದ್ದಿರುತ್ತದೆ, ಗರ್ಭಗುಡಿಯಲ್ಲಿ ಗುಂಡಿಯಿರುತ್ತದೆ, ಶಾಸನದ ಕಲ್ಲು ಎರಡು ಹೋಳಾಗಿರುತ್ತದೆ. ಆ ಹೋಳಿನಲ್ಲಿ ಯಾವ ಊರಿನ ವಿಳಾಸವಿದ್ದಿತೋ, ಯಾವ ಅರಸನ ಹೆಸರಿದ್ದಿತೋ! ಮಸ್ಕಿಯ ಬಂಡೆಯನ್ನು ಬೀಡನ್ನನಿಗಿಂತ ಮೊದಲು ಇಂತಹವರು ಕಂಡಿದ್ದರೆ ಅದರ ಗತಿ ಏನಾಗುತ್ತಿದ್ದಿತೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ.

ಸುವರ್ಣಗಿರಿಯ ನೆಲೆ ಇನ್ನೂ ನಿಶ್ಚಯವಾಗಬೇಕಾಗಿದೆ. ಅದನ್ನು ಹೇಳಬಲ್ಲ ಒಂದು ಸಾಲು ನಮ್ಮದೇ ಯಾವುದೋ ಹೊಲದ ಬದುವಿನಲ್ಲಿ, ಯಾವುದೋ ಗುಡ್ಡದ ಓರೆಯಲ್ಲಿ ಕಾದಿರಬಹುದು. ಎತ್ತು ಮೇಯಿಸಲು ಹೋದ ಹುಡುಗನು ಬಂಡೆಯ ಮೇಲೆ ಗೀರುಗಳನ್ನು ಕಂಡರೆ ಶಾಲೆಯ ಮಾಸ್ತರರಿಗೆ ಬಂದು ಹೇಳಲಿ. ಹಿರಿಯರು ಹೇಳದೆ ಬಿಟ್ಟ ಆ ಭಾಗ್ಯವಂತನು ಅವನೇ ಆಗಿರಬಹುದು.