ಕಡಲ ಜೀವಿಗಳ ಚಿತ್ರಪುಸ್ತಕ: ಹೆಸರು ಮತ್ತು ರೂಪ

ಮಕ್ಕಳಿಗಾಗಿ ಕಡಲ ಜೀವಿಗಳ ಚಿತ್ರಪುಸ್ತಕವೊಂದು ಲೋಕಾರ್ಪಣೆಗೊಳ್ಳುವುದು ಸಂತೋಷದ ಸಂಗತಿ. ಆದರೆ ಅದರ ಹೊಣೆ ಹಿರಿದು. ಕರ್ನಾಟಕದ ಕರಾವಳಿಯು 300 ಕಿಲೋಮೀಟರಿಗೂ ಮಿಗಿಲಾಗಿದ್ದರೂ ನಾಡಿನ ಬಹುಪಾಲು ಮಕ್ಕಳು ಒಳನಾಡಿನವರು. ಕೆರೆ, ಬಾವಿ, ಹೊಳೆಗಳನ್ನಷ್ಟೇ ಬಲ್ಲ ಅವರಿಗೆ ಕಡಲೆಂಬುದು ಪಾಠದಲ್ಲಿ ಬರುವ ಒಂದು ಶಬ್ದ. ತಪ್ಪು ಚಿತ್ರವನ್ನು ಕಂಡ ಕರಾವಳಿಯ ಬಾಲಕನು ದಡಕ್ಕೆ ಹೋಗಿ ನೋಡಿ ತಿದ್ದಿಕೊಂಡಾನು. ಬಯಲುಸೀಮೆಯ ಬಾಲಕನಿಗೆ ಪುಸ್ತಕವೇ ಕಡಲು; ಅಲ್ಲಿ ನುಸುಳಿದ ತಪ್ಪು ಅವನೊಡನೆಯೇ ಬೆಳೆಯುತ್ತದೆ.

ಮಕ್ಕಳಿಗೆ ಚಿತ್ರದ ಮೂಲಕ ಲೋಕಜ್ಞಾನವನ್ನು ನೀಡುವ ಯತ್ನ ಹಳೆಯದು. ಮೊರೇವಿಯದ ಶಿಕ್ಷಣತಜ್ಞ ಕೊಮೇನಿಯಸ್‌ನು 1658ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಪ್ರಕಟಿಸಿದ 'ಓರ್ಬಿಸ್ ಪಿಕ್ಟುಸ್' ಎಂಬ ಗ್ರಂಥವು ಈ ಮಾರ್ಗದ ಆದ್ಯಕೃತಿಗಳಲ್ಲೊಂದು. ಚಿತ್ರ, ಲ್ಯಾಟಿನ್ ಹೆಸರು, ಜರ್ಮನ್ ಹೆಸರು, ಇವು ಮೂರೂ ಅದರಲ್ಲಿ ಒಂದೆಡೆ ದೊರೆಯುತ್ತಿದ್ದವು. ಅಂಥ ಉತ್ತಮ ಗ್ರಂಥವೂ ತಿಮಿಂಗಿಲವನ್ನು ಕಡಲ ಮೀನುಗಳಲ್ಲಿ ಎಣಿಸಿತ್ತು. ಸರಿಯಾಗಿ ನೂರು ವರ್ಷಗಳ ತರುವಾಯ, 1758ರಲ್ಲಿ, ಸ್ವೀಡನ್ನಿನ ಲಿನೇಯಸ್‌ನು ಅದನ್ನು ಸಸ್ತನಿಗಳ ವರ್ಗಕ್ಕೆ ಸೇರಿಸಿದನು. ತಿಮಿಂಗಿಲವು ಶ್ವಾಸಕೋಶದಿಂದ ಉಸಿರಾಡುತ್ತದೆ, ಮರಿ ಹಾಕಿ ಹಾಲೂಡಿಸುತ್ತದೆ. ಮೀನು ಬಾಲವನ್ನು ಎಡಬಲಕ್ಕೆ ಬೀಸಿದರೆ ತಿಮಿಂಗಿಲವು ಮೇಲಕ್ಕೂ ಕೆಳಕ್ಕೂ ಬೀಸುತ್ತದೆ. ಚಿತ್ರಕಾರನು ಬಾಲವನ್ನು ಅಡ್ಡಲಾಗಿ ಹರಡಿ ಬರೆದರೆ ಸಾಕು, ಅರ್ಧ ಪಾಠ ಮುಗಿದಂತೆ.

ಹೆಸರಿನ ವಿಚಾರವೂ ಕುತೂಹಲಕರವಾದುದು. 'ತಿಮಿ' ಎಂದರೆ ಮಹಾಮತ್ಸ್ಯ. ಅದನ್ನೂ ನುಂಗುವುದು 'ತಿಮಿಂಗಿಲ'. ಆದರೆ ಇಂದು ಆ ಹೆಸರಿನಿಂದ ಕರೆಯುವ ಪ್ರಾಣಿಗಳಲ್ಲಿ ಅತಿ ದೊಡ್ಡದಾದ ನೀಲಿ ತಿಮಿಂಗಿಲಕ್ಕೆ ಹಲ್ಲುಗಳೇ ಇಲ್ಲ. ಬಾಯಿತುಂಬ ನೀರನ್ನು ಸೆಳೆದು, ಜಾಲರಿಯಂಥ ಪಟ್ಟಿಗಳ ಮೂಲಕ ಸೋಸಿ ಹೊರಹಾಕಿ, ಒಳಗುಳಿದ ಸಿಗಡಿಯಂಥ ಕಿರುಜೀವಿಗಳನ್ನು ಅದು ನುಂಗುತ್ತದೆ. ಅಂತೆಯೇ ನಕ್ಷತ್ರಮೀನು ಮೀನಲ್ಲ, ಲೋಳೆಮೀನೂ ಮೀನಲ್ಲ; ಇವೆರಡಕ್ಕೂ ಬೆನ್ನೆಲುಬಿಲ್ಲ. ಕುದುರೆಯ ಹೆಸರನ್ನು ಹೊತ್ತ ಕಡಲಕುದುರೆಯೇ ನಿಜವಾದ ಮೀನು! ಅದರಲ್ಲಿ ಮೊಟ್ಟೆಗಳನ್ನು ಚೀಲದಲ್ಲಿ ಹೊತ್ತು ಕಾಯುವುದು ಗಂಡು. ರೂಢಿಯಲ್ಲಿರುವ ಹೆಸರುಗಳನ್ನು ಕಿತ್ತೆಸೆಯುವುದು ಸಲ್ಲದು. ಹೆಸರನ್ನು ಉಳಿಸಿಕೊಂಡು, ಕೆಳಗೆ ಒಂದು ವಾಕ್ಯದಲ್ಲಿ ನಿಜಾಂಶವನ್ನು ತಿಳಿಸುವುದೇ ಯುಕ್ತ. ಬಂಗುಡೆ, ಬೂತಾಯಿ, ಅಂಜಲ್, ಕಾಣೆ ಮುಂತಾದ ಕರಾವಳಿಯ ಮಾತುಗಳಿಗೂ ಅಲ್ಲಿ ಸ್ಥಾನವಿರಬೇಕು.

ಇನ್ನು ಪ್ರಮಾಣದ ಪ್ರಶ್ನೆ. ಗೇಣುದ್ದದ ಬಂಗುಡೆಯೂ ಸುಮಾರು 30 ಮೀಟರುಗಳವರೆಗೆ ಬೆಳೆಯುವ ನೀಲಿ ತಿಮಿಂಗಿಲವೂ ಎದುರುಬದುರು ಪುಟಗಳಲ್ಲಿ ಒಂದೇ ಅಳತೆಯಲ್ಲಿ ಕಂಡರೆ ಮಗುವಿಗೆ ಭ್ರಮೆಯುಂಟಾಗುವುದು ಸಹಜ. ಪಕ್ಕದಲ್ಲಿ ಮನುಷ್ಯಾಕೃತಿಯೊಂದನ್ನು ಬರೆದರೆ ಈ ಭ್ರಮೆ ನಿವಾರಣೆಯಾದೀತು. ಉಪಾಧ್ಯಾಯರು ಶಾಲೆಯ ಬಯಲಿನಲ್ಲಿ 30 ಮೀಟರ್ ಹಗ್ಗವನ್ನು ಎಳೆದು, ಅದರ ಉದ್ದಕ್ಕೂ ಮಕ್ಕಳನ್ನು ನಿಲ್ಲಿಸಿದರಂತೂ ಆ ಪಾಠ ಎಂದೂ ಮರೆಯದು.

ಕನ್ನಡದಲ್ಲಿ ಇಂಥ ಕಾರ್ಯಕ್ಕೆ ಮೇಲ್ಪಂಕ್ತಿಯುಂಟು. ಕಡಲಿಗೆ ಸಮೀಪದ ಕೋಟದಲ್ಲಿ ಜನಿಸಿದ ಶಿವರಾಮ ಕಾರಂತರು 1936ರಲ್ಲಿಯೇ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಮಕ್ಕಳ ಕೈಗಿತ್ತರು. ಶಾಸ್ತ್ರವಿಷಯವನ್ನು ತಿಳಿಗನ್ನಡದಲ್ಲಿ ಹೇಳಲು ಬರುವುದೆಂಬುದಕ್ಕೆ ಅದು ಸಾಕ್ಷಿ.

ಕಡಲು ದೂರವೆಂದು ಒಳನಾಡಿನ ಶಾಲೆಗಳು ಉದಾಸೀನ ಮಾಡುವಂತಿಲ್ಲ. ತುಂಗಭದ್ರೆಯು ಕೃಷ್ಣೆಯನ್ನು ಕೂಡುತ್ತದೆ, ಕೃಷ್ಣೆಯು ಬಂಗಾಳಕೊಲ್ಲಿಯನ್ನು ಸೇರುತ್ತದೆ. ಊರ ಹಳ್ಳಕ್ಕೆ ಎಸೆದ ಪ್ಲಾಸ್ಟಿಕ್ ಚೀಲವೂ ಅದೇ ಹಾದಿ ಹಿಡಿಯಬಹುದು. ನೀರಿನಲ್ಲಿ ತೇಲುವ ಅಂಥ ಚೀಲವನ್ನು ಲೋಳೆಮೀನೆಂದು ಬಗೆದು ಕಡಲಾಮೆಗಳು ನುಂಗಿ ಸಾಯುವುದುಂಟು. ಪುಸ್ತಕದ ಕೊನೆಯ ಪುಟದಲ್ಲಿ ಈ ಹೊಳೆಯ ದಾರಿಯನ್ನು ಚಿತ್ರಿಸಿದರೆ, ಕಡಲನ್ನು ಕಾಣದ ಮಗುವಿಗೂ ತನಗೆ ಅದರೊಡನೆ ಸಂಬಂಧವುಂಟೆಂಬ ಅರಿವು ಮೂಡುವುದು. ದಾನಿಗಳು ಇಂಥ ಗ್ರಂಥವನ್ನು ಶಾಲೆಗೆ ಕೊಡಿಸಿದರೆ ಸಾರ್ಥಕ. ಆದರೆ ಅದು ಕಪಾಟಿನ ಗಾಜಿನ ಹಿಂದೆ ಉಳಿಯದೆ ಮಕ್ಕಳ ಕೈಯಲ್ಲಿ ಸವೆಯಬೇಕು.